ಬೆಲ್ಜಿಯಂಗೆ ಹೋದ ಒಂಬತ್ತು ಪುಸ್ತಕ

ಹಳೇ ಹುಬ್ಬಳ್ಳಿ, ಹೊರಡುವ ಮುಂಚೆ

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ಧಾರವಾಡದ ಯಾವ ಪ್ರೊಫೆಸರರ ಕಪಾಟಿನಲ್ಲಿ ಯಾವ ಪುಸ್ತಕ ಇದೆ ಅಂತ ಕೇಳಿದರೆ ಅರ್ಧಕ್ಕರ್ಧ ಹೇಳಬಲ್ಲೆ, ಯಾಕೆಂದರೆ ಅವು ನನ್ನ ಕೈದಾಟಿ ಹೋದವು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಮೂವತ್ನಾಲ್ಕು ವರ್ಷದಿಂದ ಪುಸ್ತಕ ಕಟ್ಟುವುದು ನನ್ನ ಕೆಲಸ. ಅದೇ ಅಂಗಡಿಯಲ್ಲಿ ನಮ್ಮಪ್ಪ ಚಪ್ಪಲಿ ಹೊಲಿಯುತ್ತಿದ್ದ. ಚರ್ಮ ಕೊಯ್ಯುವುದನ್ನು ಅವನಿಂದ ಕಲಿತೆ, ಪುಸ್ತಕ ಹೊಲಿಯುವುದನ್ನು ಒಂದು ಛಾಪಖಾನೆಯಲ್ಲಿ ಕಲಿತೆ. ಎರಡನ್ನೂ ಕೂಡಿಸಿ ಗೋಪನಕೊಪ್ಪದಲ್ಲಿ ಮನೆ ಕಟ್ಟಿದೆ, ಮಗಳು ಸುಜಾತಾಳನ್ನು ಸರ್ಕಾರಿ ನೌಕರಿಗೆ ಹಚ್ಚುವತನಕ ಓದಿಸಿದೆ. ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ನನ್ನ ತಲೆ ಸ್ವಲ್ಪ ತಗ್ಗುತ್ತದೆ.

ಬೆನೆಡಿಕ್ಟ್ ಸರ್ ಕೆಲಗೇರಿಯಲ್ಲಿ ಇರುತ್ತಾರೆ, ಕೆರೆಯ ಕಡೆ ಕಿಡಕಿ ಇರುವ ಮನೆಯಲ್ಲಿ. ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನ ಫಿಟರ್ ಮಗ. ಕ್ಯಾಥೊಲಿಕ್ ಮಂದಿ, ಮನೆಯಲ್ಲಿ ದಿನಾ ಸಂಜೆ ಜಪಮಾಲೆ. ಹರೆಯದಲ್ಲಿ ಚರ್ಚಿನವರ ಸಹಾಯದಿಂದ ಬೆಲ್ಜಿಯಂಗೆ ಹೋಗಿ ಡಾಕ್ಟರೇಟ್ ಮಾಡಿದರು. ಅಲ್ಲೇ ನೌಕರಿ ಕೊಡುತ್ತೇವೆ ಅಂದರೂ ತಿರುಗಿ ಬಂದು ಧಾರವಾಡದ ಕಾಲೇಜೊಂದರಲ್ಲಿ ಚರಿತ್ರೆ, ತತ್ತ್ವಶಾಸ್ತ್ರ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡರು. ಜೊತೆಯವರು ಪ್ರಿನ್ಸಿಪಾಲರಾದರು, ಇನ್ನೂ ಮೇಲೆ ಹೋದರು. ಸರ್ ಲೂನಾ ಹತ್ತಿ ಹಳ್ಳಿಹಳ್ಳಿ ತಿರುಗಿದರು. ಬಡಿಗೇರರು, ನೇಕಾರರು, ಕುಂಬಾರರು, ರೇಲ್ವೆ ಫಿಟರ್‌ಗಳು, ಹೀಗೆ ಕೈಯಿಂದ ದುಡಿಯುವವರ ಬಗ್ಗೆ ಕನ್ನಡದಲ್ಲಿ ಒಂಬತ್ತು ಪುಸ್ತಕ ಬರೆದರು. ಮೊದಲನೆಯದು ಚರ್ಮದ ಕೆಲಸದವರ ಬಗ್ಗೆ. ಅದಕ್ಕಾಗಿಯೇ ಅವರು ನಮ್ಮ ಅಂಗಡಿಗೆ ಬಂದದ್ದು, ಎರಡು ವರ್ಷ ಅಪ್ಪನ ಎದುರು ಗೋಣಿಚೀಲದ ಮೇಲೆ ಕೂತದ್ದು. ಪುಸ್ತಕ ಅಚ್ಚಾದ ಮೇಲೆ ಮತ್ತೆ ಅದೇ ಗೋಣಿಚೀಲದ ಮೇಲೆ ಕೂತು, ಓದು ಬಾರದ ಅಪ್ಪನಿಗೆ ಮೊದಲಿನಿಂದ ಕಡೆಯತನಕ ಓದಿ ಹೇಳಿದರು. ಅಪ್ಪ ಎರಡು ಕಡೆ ತಿದ್ದಿದ.

ಬೆಲ್ಜಿಯಂನ ಗುರುಗಳಿಗೆ ಸರ್ ಕನ್ನಡದಲ್ಲಿ ಬರೆಯುವುದು ಸೇರಿರಲಿಲ್ಲವಂತೆ. ಜಗತ್ತು ಓದುವ ಭಾಷೆಯಲ್ಲಿ ಬರಿ ಅಂದರಂತೆ. ಯಾರ ಬಗ್ಗೆ ಬರೆಯುತ್ತೇನೋ ಅವರಿಗೆ ಓದಿ ಹೇಳಲು ಬರಬೇಕು ಅಂತ ಸರ್ ಹಟ ಹಿಡಿದರಂತೆ. ಕಡೆಗೆ ಗುರುಗಳು, ಹಾಗಾದರೆ ಬರೆದದ್ದನ್ನೆಲ್ಲ ಒಂದು ದಿನ ತಂದು ಇಲ್ಲಿ ನನ್ನ ಪುಸ್ತಕದ ಬಾಜೂಕ ಇಡು ಅಂದರಂತೆ. ಗುರುಗಳು ತೀರಿಕೊಂಡರು. ಮಾತು ಉಳಿದಿತ್ತು. ಹೋದ ವರ್ಷ ಆ ವಿದ್ಯಾಪೀಠದ ಗ್ರಂಥಾಲಯದಿಂದ ಕಾಗದ ಬಂತು: ತನ್ನಿ, ಒಂದು ಚಿಕ್ಕ ಸಮಾರಂಭ ಮಾಡಿ ಇಟ್ಟುಕೊಳ್ಳುತ್ತೇವೆ. ಸರ್ ವಯಸ್ಸು ಎಪ್ಪತ್ತಾರು. ಕಣ್ಣಿನ ನಡುಭಾಗ ಕಾಣುವುದಿಲ್ಲ, ಅಂಚಿನಿಂದ ನೋಡುತ್ತಾರೆ. ಹೆಂಡತಿ ಇಲ್ಲ, ಮಕ್ಕಳಾಗಲಿಲ್ಲ. ಜೋಡಿಗೆ ನೀನೇ ಬಾ ಅಂದರು.

ನನ್ನ ಹೆಂಡತಿ ಶಾಂತವ್ವ ನಕ್ಕಳು. "ಪುಸ್ತಕ ಕಟ್ಟಾಂವನ್ನ ಯಾರರ ವಿಮಾನದಾಗ ಕರಕೊಂಡು ಹೋಗ್ತಾರೇನ್ರಿ, ಸರ್ರ?"

"ಯಾಕವ್ವಾ, ಬರದಾಂವನ್ನ ಒಯ್ಯೋದಾದ್ರ ಕಟ್ಟಿದಾಂವನ್ನ ಯಾಕ ಬಿಡಬೇಕು?" ಅಂದರು ಸರ್.

ಎಂಟು ಪುಸ್ತಕಗಳನ್ನು ಈ ಪ್ರವಾಸಕ್ಕಂತಲೇ ಹೊಸದಾಗಿ ಕಟ್ಟಿದೆ. ಬೆನ್ನಿಗೆ ಚರ್ಮ, ಮೇಲೆ ಬಂಗಾರದ ಅಕ್ಷರ. ಮೊದಲನೆಯದರ ಪ್ರತಿಗಳು ಎಲ್ಲೂ ಉಳಿದಿರಲಿಲ್ಲ. ಸರ್ ತಮ್ಮ ಸ್ವಂತ ಪ್ರತಿಯನ್ನೇ ಕೊಡಲು ತೆಗೆದರು. ಅದನ್ನು ನಾನು ಇಪ್ಪತ್ತರ ಹರೆಯದಲ್ಲಿ, ಅಪ್ಪ ಹದ ಮಾಡಿದ ಚರ್ಮ ಹಾಕಿ ಕಟ್ಟಿದ್ದೆ. ನಾನು ಕಟ್ಟಿದ ಮೊದಲನೇ ಛಲೋ ಪುಸ್ತಕ ಅದು.

ವಿಮಾನ ನಿಲ್ದಾಣ

ನನ್ನ ಕೈಚೀಲದಲ್ಲಿ ಅಪ್ಪನ ಆರಿ ಇತ್ತು. ಚಮ್ಮಾರರು ಚರ್ಮಕ್ಕೆ ತೂತು ಹಾಕುವ ಮೊನೆ. ಅದಿಲ್ಲದೆ ನಾನು ಬೀಗರ ಊರಿಗೂ ಹೋದವನಲ್ಲ. ತಪಾಸಣೆಯ ಪೋಲೀಸನು ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ಇದನ್ನು ಈ ಬುಟ್ಟಿಗೆ ಹಾಕು, ಮುಂದೆ ನಡಿ ಅಂದ. ಬುಟ್ಟಿಯಲ್ಲಿ ಕತ್ತರಿ, ಬ್ಲೇಡು, ಯಾರದೋ ತೆಂಗಿನಕಾಯಿ ಇತ್ತು.

ನಾನು ಹಾಕಲಿಲ್ಲ. ಸರ್ ಅವರನ್ನು ಅಲ್ಲೇ ಕುರ್ಚಿಯ ಮೇಲೆ ಕೂರಿಸಿ ಹೊರಗೆ ಓಡಿದೆ. ಸಾಮಾನು ಕೊಡುವ ಕೌಂಟರಿನ ಹುಡುಗಿಗೆ ನನಗೆ ಬರುವ ಹಿಂದಿಯಲ್ಲಿ ಹೇಳಿದೆ, ಇದೊಂದನ್ನು ವಿಮಾನದ ಹೊಟ್ಟೆಯಲ್ಲಿ ಹಾಕು ತಾಯಿ. ಆಕೆ ಒಂದು ಖಾಲಿ ಬೂಟಿನ ಡಬ್ಬಿ ಹುಡುಕಿ ಕೊಟ್ಟಳು. ಬೆರಳುದ್ದದ ಆರಿ ಒಂದೇ, ಬೂಟಿನ ಡಬ್ಬಿಯಲ್ಲಿ ಮಲಗಿ, ಚೀಟಿ ಅಂಟಿಸಿಕೊಂಡು, ಸಮುದ್ರ ದಾಟಿತು. ವಿಮಾನದ ಬಾಗಿಲು ಹಾಕುವ ಹೊತ್ತಿಗೆ ನಾವಿಬ್ಬರೂ ಏದುಸಿರು ಬಿಡುತ್ತ ಒಳಗೆ ಬಂದೆವು. ಗಗನಸಖಿಗೆ ಸಿಟ್ಟು ಬಂದಿತ್ತು. ಸರ್ ಒಂದು ಮಾತೂ ಬೈಯಲಿಲ್ಲ. ಪಟ್ಟಾ ಕಟ್ಟಿಕೊಳ್ಳುತ್ತ, "ನಿಮ್ಮಪ್ಪನೂ ಹಿಂಗs ಇದ್ದ" ಅಂದರಷ್ಟೆ.

ಶನಿವಾರ, ರವಿವಾರ

ಊರು ಹಳೆಯದು. ರಸ್ತೆಗೆ ಹಾಸುಗಲ್ಲು, ಎಲ್ಲೆಲ್ಲೂ ಸೈಕಲ್ಲು. ನನ್ನ ಅವ್ವನ ವಯಸ್ಸಿನವರು ಕೋಟು ಹಾಕಿಕೊಂಡು ಸೈಕಲ್ ಹೊಡೆಯುತ್ತಾರೆ. ದಾರಿ ದಾಟುವ ಕಡೆ ಕೆಂಪು ದೀಪ ಇದ್ದರೆ, ಎರಡೂ ಕಡೆ ಒಂದು ನಾಯಿಯೂ ಇಲ್ಲದಿದ್ದರೂ, ಮಂದಿ ನಿಂತೇ ಇರುತ್ತಾರೆ. ನಾನು ದಾಟಿದೆ. ಹಿಂದೆ ನಿಂತವರೆಲ್ಲ ನನ್ನನ್ನು ನೋಡಿದ ರೀತಿಗೆ ತಿರುಗಿ ಬಂದು ಮತ್ತೆ ನಿಂತೆ. ನಮ್ಮಲ್ಲಿ ಬೇರೆ ಗಾಡಿಯನ್ನೂ ಬಿಡದ ಚಿಗರಿ ಬಸ್ಸಿನ ದಾರಿಯನ್ನೇ ಅಡ್ಡ ದಾಟುವವ ನಾನು.

ನಾವು ಇಳಿದದ್ದು ಚರ್ಚಿನ ಸಿಸ್ಟರ್‌ಗಳು ನಡೆಸುವ ಒಂದು ಅತಿಥಿಗೃಹದಲ್ಲಿ. ಮಧ್ಯಾಹ್ನ ಊಟ ಅಂದರೆ ತಣ್ಣಗಿನ ಬ್ರೆಡ್ಡು, ಚೀಸು. ಸಂಜೆ ಆರಕ್ಕೆ ರಾತ್ರಿಯ ಊಟ ಮುಗಿದಿರುತ್ತದೆ. ಶಾಂತವ್ವ ಕಟ್ಟಿಕೊಟ್ಟ ಕಟಕರೊಟ್ಟಿ, ಶೇಂಗಾ ಚಟ್ನಿ ಇಲ್ಲದಿದ್ದರೆ ಈ ಕಥೆ ಹೇಳಲು ನಾನು ಇರುತ್ತಿರಲಿಲ್ಲ. ಕಸದ ಚೀಲ ಬೇರೆಬೇರೆ ಬಣ್ಣದವು, ಯಾವ ಕಸ ಯಾವುದಕ್ಕೆ ಅಂತ ಗೊತ್ತಾಗದೆ ನಾನು ರೊಟ್ಟಿಯ ಕಾಗದ, ಹಣ್ಣಿನ ಸಿಪ್ಪೆ ಎಲ್ಲ ಒಂದರಲ್ಲೇ ತುರುಕಿ ಹೊರಗಿಟ್ಟೆ. ಬಾಜೂ ಮನೆಯ ಮುದುಕ ಅದನ್ನು ತಂದು ಬಾಗಿಲಲ್ಲಿ ಇಟ್ಟು, ಟೊಪ್ಪಿಗೆ ಮುಟ್ಟಿ ನಮಸ್ಕಾರ ಮಾಡಿ ಹೋದ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ರವಿವಾರ ಸರ್ ಜೊತೆ ಚರ್ಚಿಗೆ ಹೋದೆ. ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧನ ಫೋಟೋ, ಆದರೂ ಸರ್ ಕೈಹಿಡಿದು ನಡೆಸಬೇಕಲ್ಲ. ನಾಲ್ಕು ಆನೆ ನಿಲ್ಲುವಷ್ಟು ಎತ್ತರದ ಚರ್ಚು, ಒಳಗೆ ಹತ್ತು ಹನ್ನೆರಡು ಮುದುಕಿಯರು. ಹುಬ್ಬಳ್ಳಿಯ ಚರ್ಚಿನಲ್ಲಿ ರವಿವಾರ ಮಂದಿ ಮೆಟ್ಟಿಲ ಮೇಲೂ ನಿಂತಿರುತ್ತಾರೆ, ಕೊಂಕಣಿಯವರದು ಮುಗಿಯುವ ಮುಂಚೆ ಕನ್ನಡದವರು ಬಾಗಿಲಲ್ಲಿ ಕಾಯುತ್ತಾರೆ. ಪೂಜೆ ಮುಗಿದ ಮೇಲೆ ಒಬ್ಬಾಕೆ ಸರ್ ಅವರನ್ನು ಬಹಳ ಪ್ರೀತಿಯಿಂದ ಕೇಳಿದಳು, ನೀವು ಯಾವಾಗ ಕ್ರೈಸ್ತರಾದಿರಿ ಅಂತ. ಹುಟ್ಟಿದಾಗ ಅಂದರು ಸರ್. ಹೊರಗೆ ಬಂದ ಮೇಲೆ ನನಗೆ ಅದನ್ನು ಹೇಳಿ ನಕ್ಕರು. ಊರಲ್ಲಿ ಅವರನ್ನು ಕೇಳುವುದು ಬೇರೆ, ನಿಮ್ಮ ಮೂಲ ಊರು ಯಾವುದ್ರಿ ಅಂತ. ಹುಬ್ಬಳ್ಳಿ ಅಂದರೆ, ಅದಲ್ಲರಿ, ಮೂಲ ಅಂತಾರೆ. ಒಂಬತ್ತು ಪುಸ್ತಕ ಬರೆದದ್ದು ಇದಕ್ಕೆ ಉತ್ತರ ಅಂತ ನಾನು ತಿಳಿದಿದ್ದೇನೆ, ಅವರು ಹಾಗೆ ಎಂದೂ ಹೇಳಿಲ್ಲ.

ಸೋಮವಾರ

ಗ್ರಂಥಾಲಯಕ್ಕೆ ಪುಸ್ತಕದ ಪೆಟ್ಟಿಗೆ ನಾನೇ ಹೆಗಲ ಮೇಲೆ ಹೊತ್ತು ಹೋದೆ. ಓದುವ ಕೋಣೆಯಲ್ಲಿ ಸರ್ ಗುರುಗಳ ಪುಸ್ತಕಗಳು ಒಂದು ಸಾಲು ನಿಂತಿದ್ದವು. ಸರ್ ಕೈಯಾಡಿಸಿ ಬೆನ್ನುಗಳನ್ನು ಎಣಿಸಿದರು. ಆಮೇಲೆ ಗ್ರಂಥಾಲಯದವರು ನಮ್ಮನ್ನು ನೆಲಮಾಳಿಗೆಗೆ ಕಳಿಸಿದರು, ಹೊಸದಾಗಿ ಬಂದ ಯಾವ ಪುಸ್ತಕವನ್ನೂ ಅಲ್ಲಿಯ ರಿಪೇರಿ ಕೋಣೆಯವರು ನೋಡದ ಹೊರತು ಒಳಗೆ ಇಡುವುದಿಲ್ಲವಂತೆ.

ಅಲ್ಲಿ ಇದ್ದದ್ದು ಹಿಲ್ಡಾ ಅನ್ನುವ ಹೆಣ್ಣುಮಗಳು, ಐವತ್ತರ ಮೇಲಿನವಳು, ಏಪ್ರನ್ ಕಟ್ಟಿಕೊಂಡು ಕನ್ನಡಕ ಹಣೆಗೇರಿಸಿದ್ದಳು. ನನ್ನ ಪುಸ್ತಕಗಳನ್ನು ಎತ್ತಿ ತಿರುವಿ, ಚರ್ಮದ ಅಂಚನ್ನು ಉಗುರಿನಿಂದ ಸವರಿ, ಬಾಯಿಯಲ್ಲಿ ಒಂದು ಸದ್ದು ಮಾಡಿದಳು. ಮೆಚ್ಚಿದ ಸದ್ದು. ಕೆಲಸದವರಿಗೆ ಕೆಲಸದವರ ಸದ್ದು ತಿಳಿಯುತ್ತದೆ. ನನ್ನ ಎದೆ ಉಬ್ಬಿತು.

ಆಮೇಲೆ ಆಕೆ ಹೇಳಿದಳು, ಸರ್ ಕನ್ನಡ ಮಾಡಿ ನನಗೆ ಹೇಳಿದರು: ಬಿಸಿಲ ದೇಶದ ಪುಸ್ತಕಗಳನ್ನೆಲ್ಲ ಸಮಾರಂಭದ ನಂತರ ಕೆಲವು ದಿನ ದೊಡ್ಡ ಫ್ರಿಜ್ಜಿನಲ್ಲಿ ಇಡುತ್ತಾರಂತೆ, ಹುಳ ಇದ್ದರೆ ಸಾಯಲಿ ಅಂತ.

ಹುಳ. ನನ್ನ ಪುಸ್ತಕದಲ್ಲಿ.

"ಸರ್ರ, ಆಕಿಗೆ ಹೇಳ್ರಿ" ಅಂದೆ. "ನಾ ಕಟ್ಟಿದ ಪುಸ್ತಕಕ್ಕ ಹುಳ ಹತ್ತಂಗಿಲ್ಲ. ಅಂಟಿನ್ಯಾಗ ಮೈಲುತುತ್ತ ಹಾಕೇನಿ. ಮೂವತ್ನಾಲ್ಕು ವರ್ಷ ಆತು, ಒಂದು ಹುಳ ಹೊಳ್ಳಿ ನೋಡಿಲ್ಲ."

ನಮ್ಮಲ್ಲಿ ಇದು ಎಲ್ಲರ ಪದ್ಧತಿ. ಮೈದಾಹಿಟ್ಟಿನ ಅಂಟು ಕಾಸುವಾಗ ಒಂದು ಚಿಟಿಕೆ ಮೈಲುತುತ್ತ ಹಾಕಿದರೆ ಅಂಟು ಕೆಡುವುದಿಲ್ಲ, ಇರುವೆ ಮುಟ್ಟುವುದಿಲ್ಲ, ಒಮ್ಮೆ ಕಾಸಿದರೆ ವಾರ ನಡೆಯುತ್ತದೆ. ನನ್ನ ಗುರು ಚಿಟಿಕೆ ಹಾಕುತ್ತಿದ್ದ. ನಾನು ಛಲೋ ಕೆಲಸ ಆಗಲಿ ಅಂತ ಎರಡು ಚಿಟಿಕೆ ಹಾಕುತ್ತಿದ್ದೆ.

ಸರ್‌ಗೆ ಅದರ ಇಂಗ್ಲಿಷ್ ಹೆಸರು ನೆನಪಾಗಲಿಲ್ಲ. ದ್ರಾಕ್ಷಿ ತೋಟಕ್ಕೆ ಹೊಡೆಯುವ ನೀಲಿ ಉಪ್ಪು ಅಂತ ವಿವರಿಸಿದರು. ಹಿಲ್ಡಾಳ ಮುಖ ಕೂಡಲೇ ಬದಲಾಯಿತು. ಒಂದು ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಪುಸ್ತಕದ ಒಳಮೂಲೆಗೆ ಒತ್ತಿ ಹಿಡಿದಳು. ಪಟ್ಟಿಯ ಬಣ್ಣ ಬದಲಾಯಿತು. ಎರಡನೆಯದಕ್ಕೆ ಒತ್ತಿದಳು, ಮೂರನೆಯದಕ್ಕೆ ಒತ್ತಿದಳು. ಒಂಬತ್ತೂ ಪಟ್ಟಿ ಬಣ್ಣ ಬದಲಿಸಿದವು. ಮೈಲುತುತ್ತ ಅಂದರೆ ತಾಮ್ರ, ತಾಮ್ರ ನಿಧಾನವಾಗಿ ಕಾಗದವನ್ನು ಸುಡುತ್ತದೆ, ಇವನ್ನು ಬೇರೆ ಪುಸ್ತಕಗಳ ಬಾಜೂಕ ಇಡಲು ತಾನು ಸಹಿ ಮಾಡುವುದಿಲ್ಲ ಅಂದಳು. ಮೇಲಿನ ಅಧಿಕಾರಿಗೆ ಫೋನು ಹೋಯಿತು. ಅವರು ಬಹಳ ಮರ್ಯಾದೆಯಿಂದ ಹೇಳಿದರು, ಶುಕ್ರವಾರದ ಸಮಾರಂಭ ಆಗಲಿ, ಪುಟಗಳ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಇಡುತ್ತೇವೆ, ಪುಸ್ತಕಗಳನ್ನು ದಯವಿಟ್ಟು ವಾಪಸ್ ಒಯ್ಯಿರಿ.

ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸರ್ ಬೆಂಚಿನ ಮೇಲೆ ಕೂತರು. "ಹೋಗ್ಲಿ ಬಿಡು ಪರಶು" ಅಂದರು. ನಲವತ್ತೈದು ವರ್ಷದ ಮಾತನ್ನು ಅವರು ಬಿಡು ಅಂದದ್ದು ಮೆಲ್ಲಗೆ, ಕಾಲೇಜಿನಲ್ಲಿ ಯಾರಿಗೋ ಪ್ರಮೋಷನ್ ಬಿಟ್ಟುಕೊಟ್ಟಾಗ ಹೇಳಿದ ದನಿಯಲ್ಲೇ. ಆ ದನಿ ನನಗೆ ಮೊದಲಿನಿಂದ ಸೇರುವುದಿಲ್ಲ.

ಸೋಮವಾರ ಮಧ್ಯಾಹ್ನ

ನನಗೆ ನಂಬಿಕೆ ಬರಲಿಲ್ಲ. ಸುಳ್ಳು ಹೇಳುತ್ತಾಳೆ, ಬಿಳಿ ಮಂದಿಗೆ ನಮ್ಮ ಕೆಲಸ ಕಡಿಮೆ ಅಂತ ಕಾಣುತ್ತದೆ ಅಂದೆ. ಸರ್ ಈ ಮಾತನ್ನು ಅನುವಾದ ಮಾಡಲಿಲ್ಲ. ಆದರೆ ನನ್ನ ಮುಖ ಅನುವಾದ ಮಾಡಿತು. ಹಿಲ್ಡಾ ಒಂದು ದೊಡ್ಡ ಡ್ರಾವರು ಎಳೆದು ಹಳೆಯ ನಕಾಶೆಯೊಂದನ್ನು ತೋರಿಸಿದಳು. ಅವರ ದೇಶದ್ದೇ, ಕೈಯಿಂದ ಬಣ್ಣ ಹಾಕಿದ್ದು. ಹೊಳೆ ಇತ್ತು, ಊರುಗಳು ಇದ್ದವು, ಚರ್ಚಿನ ಗೋಪುರಗಳು ಇದ್ದವು. ಕಾಡು ಇರಬೇಕಾದ ಕಡೆಯೆಲ್ಲ ತೂತು. ಹಸಿರು ಬಣ್ಣಕ್ಕೆ ತಾಮ್ರ ಬಳಸಿದ್ದರಂತೆ. ಹಸಿರು ಹಚ್ಚಿದಲ್ಲೆಲ್ಲ ಕಾಗದ ಕಪ್ಪಾಗಿ ಉದುರಿ, ಇಡೀ ದೇಶದಲ್ಲಿ ಒಂದು ಗಿಡ ಉಳಿದಿರಲಿಲ್ಲ.

ನಾನು ಪೆಟ್ಟಿಗೆಯಿಂದ ಮೊದಲನೇ ಪುಸ್ತಕ ತೆಗೆದೆ. ಬೆನ್ನಿನ ಹತ್ತಿರ ಪುಟಗಳು ಕಂದು ಬಣ್ಣಕ್ಕೆ ತಿರುಗಿದ್ದು ನನಗೆ ಗೊತ್ತಿತ್ತು. ಕಾಗದ ಹಲಕಾ ಅಂತ ಛಾಪಖಾನೆಯವರನ್ನು ಬೈಯುತ್ತಿದ್ದೆ. ಈಗ ಬೆಳಕಿಗೆ ಹಿಡಿದು ನೋಡಿದೆ. ಕಂದು ಬಣ್ಣ ಎಲ್ಲ ಕಡೆ ಇರಲಿಲ್ಲ. ಎಲ್ಲೆಲ್ಲಿ ನನ್ನ ಅಂಟು ಒಳಗಿಳಿದಿತ್ತೋ ಅಲ್ಲಷ್ಟೇ ಇತ್ತು. ಬೆರಳು ತಾಗಿಸಿದರೆ ಅಂಚು ಹಪ್ಪಳದ ಹಾಗೆ ಮುರಿಯಿತು. ಬಲಪುಟದ ಕೆಲವು ಸಾಲುಗಳ ಮೊದಲ ಅಕ್ಷರಗಳು ನನ್ನ ಬೆರಳಿಗೆ ಪುಡಿಯಾಗಿ ಬಂದವು. ಅದು ಅಪ್ಪನ ಮಾತುಗಳಿರುವ ಪುಟ.

ಪುಸ್ತಕ ಮುಚ್ಚಿ ಪೆಟ್ಟಿಗೆಯಲ್ಲಿ ಇಟ್ಟೆ. ಆಮೇಲೆ ಕೇಳಿದೆ, ಇವತ್ತು ಸೋಮವಾರ, ಶುಕ್ರವಾರ ಎಷ್ಟು ಹೊತ್ತಿಗೆ ಸಮಾರಂಭ ಅಂತ. ಮಧ್ಯಾಹ್ನ ಮೂರಕ್ಕೆ ಅಂದರು ಸರ್. ಎಲ್ಲವನ್ನೂ ಬಿಚ್ಚಿ, ಅಂಟು ತೊಳೆದು, ಹೊಸದಾಗಿ ಕಟ್ಟುತ್ತೇನೆ ಅಂದೆ.

ಹಿಲ್ಡಾ ಕೇಳಿ ಆಗುವುದಿಲ್ಲ ಅಂತ ತಲೆಯಾಡಿಸಿದಳು. ಹೊರಗಿನವರು ಅಲ್ಲಿ ಉಪಕರಣ ಮುಟ್ಟುವಂತಿಲ್ಲ, ವಿಮೆ ಇಲ್ಲ, ನಿಯಮದಲ್ಲಿ ಅವಕಾಶ ಇಲ್ಲ. ಮತ್ತೆ ಮೇಲಕ್ಕೆ ಫೋನು. ಕಡೆಗೆ ಒಂದೇ ದಾರಿ ಸಿಕ್ಕಿತು. ಸರ್ ಅದನ್ನು ಹೇಳುವ ಮುಂಚೆ ಗಂಟಲು ಸರಿಮಾಡಿಕೊಂಡರು.

"ಕೆಲಸ ಕಲಿಯಾಕ ಬಂದಾಂವ ಅಂತ ಸಹಿ ಮಾಡಬೇಕಂತ, ಪರಶು. ಆಕಿ ಕೈಕೆಳಗ."

ಮೂವತ್ನಾಲ್ಕು ವರ್ಷ. ನನ್ನ ಹತ್ತಿರ ಕಲಿತವರು ಈಗ ಧಾರವಾಡದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾರೆ. ಪೆನ್ನು ಹಿಡಿದೆ. ಸರ್ ಕಿಡಕಿಯ ಕಡೆ ಮುಖ ಮಾಡಿದ್ದರು, ನಾನು ಏನು ಮಾಡುತ್ತೇನೆ ಅಂತ ನೋಡಬಾರದು ಅನ್ನುವ ಹಾಗೆ. ಹೇಗೂ ಅವರಿಗೆ ಕಾಣುತ್ತಿರಲಿಲ್ಲ. ಸಹಿ ಮಾಡಿದೆ, ಕನ್ನಡದಲ್ಲಿ.

ಮಂಗಳವಾರದಿಂದ ಗುರುವಾರ

ಮೊದಲ ಜಗಳ ಕೂರುವ ಬಗ್ಗೆ. ಅಲ್ಲಿ ಎತ್ತರದ ಮೇಜಿನ ಮುಂದೆ ನಿಂತು ಕೆಲಸ ಮಾಡುತ್ತಾರೆ. ನಾನು ಅರ್ಧ ತಾಸು ನಿಂತೆ, ಕೈ ಮಾತು ಕೇಳಲಿಲ್ಲ. ಬೂಟು ಬಿಚ್ಚಿ, ನೆಲದ ಮೇಲೆ ಕೂತು, ಪುಸ್ತಕವನ್ನು ಎರಡು ಪಾದಗಳ ನಡುವೆ ಹಿಡಿದೆ. ಹಿಲ್ಡಾ ಗಾಬರಿಯಾದಳು. ಮೊದಲು ಪಾದ ತೊಳೆದು ಬಾ ಅಂದಳು. ತೊಳೆದು ಬಂದೆ. ಆಮೇಲೆ ನನ್ನ ಸೂಜಿ ನಡೆಯುವ ವೇಗ ನೋಡಿ ತನ್ನ ಕೆಲಸಕ್ಕೆ ತಿರುಗಿದಳು.

ಎರಡನೇ ಜಗಳ ಗಡಿಯಾರದ ಬಗ್ಗೆ. ನಾಲ್ಕೂವರೆ ಆದರೆ ಆಕೆ ಏಪ್ರನ್ ಬಿಚ್ಚುತ್ತಾಳೆ. ಅರ್ಧ ಹೊಲಿದ ದಾರವನ್ನು ಹಾಗೇ ಬಿಟ್ಟು ಏಳುವುದು ನಮ್ಮಲ್ಲಿ ಅಪಶಕುನ. ನಾನು ಏಳಲಿಲ್ಲ. ಆಕೆ ದೀಪ ಆರಿಸಿದಳು. ಎದ್ದೆ. ಆದರೆ ಮರುದಿನ ಏಳು ಗಂಟೆಗೆ ಬಾಗಿಲ ಮುಂದೆ ನಾನು ನಿಂತಿರಬೇಕಾದರೆ, ಸೈಕಲ್ ಮೇಲೆ ಆಕೆಯೂ ಬಂದಳು, ದಿನಕ್ಕಿಂತ ಎರಡು ತಾಸು ಮುಂಚೆ. ಬಾಗಿಲು ತೆಗೆದು ಒಲೆ ಹಚ್ಚಿದಳು.

ಆಕೆಯಿಂದ ಕಲಿತದ್ದು ಆ ಒಲೆಯ ಮುಂದೆ. ದಿನಾ ಮುಂಜಾನೆ ಗೋಧಿಯ ಗಂಜಿ ಹಿಟ್ಟನ್ನು ಚಿಕ್ಕ ಪಾತ್ರೆಯಲ್ಲಿ ಕಾಸುತ್ತಾಳೆ, ಕೈ ಬಿಡದೆ ತಿರುವುತ್ತಾಳೆ, ಆರಿದ ಮೇಲೆ ಜರಡಿ ಹಿಡಿಯುತ್ತಾಳೆ. ಅದರಲ್ಲಿ ಬೇರೆ ಏನೂ ಇಲ್ಲ. ಸಂಜೆ ಉಳಿದದ್ದನ್ನು ಚೆಲ್ಲುತ್ತಾಳೆ. ಹಾಗಾದರೆ ಹುಳ ಬಂದರೆ ಏನು ಮಾಡುತ್ತೀರಿ ಅಂತ ಸರ್ ಕಡೆಯಿಂದ ಕೇಳಿಸಿದೆ. ಪುಸ್ತಕವನ್ನು ಆಗಾಗ ತೆಗೆದು ನೋಡುತ್ತೇವೆ, ಧೂಳು ಒರೆಸುತ್ತೇವೆ, ಹುಳಕ್ಕೆ ಬೇಕಾದದ್ದು ಯಾರೂ ಮುಟ್ಟದ ಪುಸ್ತಕ ಅಂದಳು. ಅದೇ ಹೊತ್ತಿಗೆ ನನಗೆ ತಿಳಿಯಿತು, ಮೈಲುತುತ್ತ ನಾನು ಹಾಕಿದ್ದು ಪುಸ್ತಕದ ಸಲುವಾಗಿ ಅಷ್ಟೇ ಅಲ್ಲ. ದಿನಾ ಮುಂಜಾನೆ ಅಂಟು ಕಾಸುವುದು ತಪ್ಪಲಿ ಅಂತ. ದುಡಿಮೆಗಾರ ಅಂತ ಎದೆ ತಟ್ಟಿಕೊಳ್ಳುವವ ನಾನು. ಆಕೆಯನ್ನು ಆಮೇಲೆ ಅಕ್ಕೋರ ಅಂತ ಕರೆಯತೊಡಗಿದೆ. ಸಾಲಿಯ ಟೀಚರರಿಗೆ ನಮ್ಮಲ್ಲಿ ಹಾಗೆ ಅಂತಾರೆ. ಸರ್ ಅದರ ಅರ್ಥ ಹೇಳಿದಾಗ ಆಕೆ ಕೆಂಪಾದಳು.

ಬೆನ್ನಿನ ಅಂಟಿನ ಮೇಲೆ ತೆಳ್ಳಗಿನ ಗಂಜಿ ಬಳಿದು, ಮೆತ್ತಗಾದ ಮೇಲೆ ಕೆರೆದು ತೆಗೆಯುವುದು ಆಕೆಯ ಕೆಲಸ. ಹೊಲಿಯುವುದು ನನ್ನದು. ದಾರಕ್ಕೆ ಮೇಣ ಹಚ್ಚುವುದು ಬೆನೆಡಿಕ್ಟ್ ಸರ್ ಕೆಲಸ. ನಾನು ಬೇಡ ಅಂದೆ, ಡಾಕ್ಟರೇಟ್ ಮಾಡಿದ ಊರಲ್ಲಿ ಮೇಣ ಹಚ್ಚುತ್ತ ಕೂರುವುದು ಸರಿಯಲ್ಲ ಅಂತ. ಅವರು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. ಅದಕ್ಕೆ ಕಣ್ಣು ಬೇಕಾಗಿಲ್ಲ, ಬೆರಳು ಸಾಕು. ಎಂಟು ಪುಸ್ತಕದ ದಾರ ಅವರೇ ಸಿದ್ಧ ಮಾಡಿದರು, ಮಾಡುತ್ತ ಮಾತಾಡಿದರು. ಯಾವ ಪುಸ್ತಕದ ಯಾವ ಊರಿನಲ್ಲಿ ಲೂನಾ ಕೆಟ್ಟು ನಿಂತಿತು, ಯಾವ ಪುಸ್ತಕಕ್ಕೆ ಕಾಲೇಜಿನವರು ಇದೂ ಒಂದು ಸಂಶೋಧನೆಯಾ ಅಂದರು, ನಾಲ್ಕನೆಯದು ಓದಿ ಒಬ್ಬ ಪಾದ್ರಿ, ನಮ್ಮ ಧರ್ಮದ ಬಗ್ಗೆ ಯಾಕ ಒಂದೂ ಬರೆದಿಲ್ಲ ಅಂತ ಸಿಟ್ಟಾದದ್ದು. ಏಸುವೂ ಬಡಿಗೇರನಲ್ಲವೇ, ಅವನ ಮಂದಿಯ ಬಗ್ಗೆಯೇ ಬರೆದಿದ್ದೇನೆ ಅಂತ ಇವರು ಹೇಳಿದ್ದಕ್ಕೆ, ಆ ಪಾದ್ರಿ ಮುಂದೆ ಪ್ರತಿ ಪುಸ್ತಕ ಎರಡೆರಡು ಕೊಂಡನಂತೆ.

ಬುಧವಾರ ಒಂದು ಸಲ ಅವರ ಕೈ ನಿಂತಿತು.

"ಒಂಬತ್ತು ಪುಸ್ತಕ ಬರದೆ. ಚಕ್ಕಡಿ ಗಾಲಿಗೆ ಎಷ್ಟು ಅರ ಅಂತ ಬರದೆ, ಮಗ್ಗಕ್ಕ ಎಷ್ಟು ಹಲ್ಲು ಅಂತ ಬರದೆ" ಅಂದರು. "ಆ ಪುಸ್ತಕಾನ ಹೆಂಗ ಕಟ್ಟತಾರ ಅಂತ ಒಂದಿನಾನೂ ನಿನ್ನ ಕೇಳಲಿಲ್ಲ. ಕೇಳಿದ್ರ ಈ ಮೈಲುತುತ್ತ ಆಗs ಸಿಗತಿತ್ತು. ತಪ್ಪು ನಿಂದೊಂದs ಅಲ್ಲ."

ಗುರುವಾರ ನಾಲ್ಕೂವರೆಗೆ ಐದು ನಿಮಿಷ ಇರುವಾಗ ಎಂಟನೇ ಪುಸ್ತಕ ಒತ್ತುಯಂತ್ರದ ಕೆಳಗೆ ಹೋಯಿತು. ಅಪ್ಪನ ಆರಿಯನ್ನು ಒರೆಸಿ ಬೂಟಿನ ಡಬ್ಬಿಗೆ ಹಾಕಿದೆ.

ಒಂಬತ್ತನೆಯದು, ಅಂದರೆ ಮೊದಲನೆಯದು, ಆಗಲಿಲ್ಲ. ಬಿಚ್ಚಿದರೆ ಉದುರುತ್ತದೆ ಅಂದಳು ಹಿಲ್ಡಾ. ನನಗೂ ಗೊತ್ತಾಗಿತ್ತು. ಅದಕ್ಕಾಗಿ ಆಕೆ ರಟ್ಟಿನ ಒಂದು ಡಬ್ಬಿ ಮಾಡಿದಳು, ಪುಸ್ತಕ ಒಳಗೆ ಅಳತೆಗೆ ಸರಿಯಾಗಿ ಮಲಗುವ ಹಾಗೆ. ಡಬ್ಬಿಯಲ್ಲಿ ಇದ್ದರೆ ಉಳಿದವುಗಳ ಬಾಜೂಕ ಇಡಬಹುದು, ತಾನು ಸಹಿ ಮಾಡುತ್ತೇನೆ ಅಂದಳು. ಡಬ್ಬಿಯ ಮೇಲೆ ಚೀಟಿ ಅಂಟಿಸಬೇಕು, ಒಳಗಿನ ಅಂಟಿನಲ್ಲಿ ತಾಮ್ರ ಇದೆ, ಜೋಪಾನ ಅಂತ. ಆಕೆ ಅದನ್ನು ಬರೆಯುವಾಗ ಸರ್ ಅಲ್ಲಿಯ ಭಾಷೆಯಲ್ಲಿ ಏನೋ ಹೇಳಿದರು. ಏನು ಬರೆಸುತ್ತಿದ್ದೀರಿ ಅಂತ ಕೇಳಿದೆ. ಹಿಂದೂಸ್ಥಾನದಲ್ಲಿ ಹಿಂದೆ ಹೀಗೆ ಮಾಡುತ್ತಿದ್ದರು ಅಂತ ಬರೆಸುತ್ತಿದ್ದೇನೆ ಅಂದರು. ನನ್ನನ್ನು ಉಳಿಸಲಿಕ್ಕೆ.

"ಬ್ಯಾಡ್ರಿ ಸರ್ರ. ಹಿಂದೂಸ್ಥಾನ ಯಾಕ ಬೈಸ್ಕೋಬೇಕು?" ಅಂದೆ. "ನನ್ನ ಹೆಸರು ಬರಸ್ರಿ. ಪರಶುರಾಮ, ಹಳೇ ಹುಬ್ಬಳ್ಳಿ. ಇಂಥಾಂವ ಮೈಲುತುತ್ತ ಹಾಕಿದ ಅಂತ. ಎಂಟು ಬಿಚ್ಚಿ ಕಟ್ಟಿದಾಂವನೂ ಅವನs ಅಂತ."

ಸರ್ ಬರೆಸಿದರು. ಹಿಲ್ಡಾ ನನ್ನ ಹೆಸರಿನ ಒಂದೊಂದು ಅಕ್ಷರ ಕೇಳಿ ಕೇಳಿ ಬರೆದಳು.

ಶುಕ್ರವಾರ

ಸಮಾರಂಭ ಅಂದರೆ ಹದಿನೈದು ಮಂದಿ, ಕಾಫಿ, ಬಿಸ್ಕೀಟು. ಹಾರ ಇಲ್ಲ, ಶಾಲು ಇಲ್ಲ, ಪ್ರಾರ್ಥನಾ ಗೀತೆ ಇಲ್ಲ. ಮೂರಕ್ಕೆ ಅಂದರೆ ಮೂರಕ್ಕೇ ಶುರುವಾಯಿತು. ಸರ್ ತಮ್ಮ ಗುರುಗಳ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಆಮೇಲೆ ಮೊದಲನೇ ಪುಸ್ತಕದ ಡಬ್ಬಿ ತೆರೆದು, ಬೆರಳಿನಿಂದ ಪುಟ ಹುಡುಕಿ, ನನ್ನ ಕಡೆ ಚಾಚಿದರು. ಓದು ಅಂದರು. ಮೊದಲೇ ಹೇಳಿರಲಿಲ್ಲ.

ಬಲಪುಟ. ಅಪ್ಪನ ಮಾತು. ಏಳನೇ ಇಯತ್ತೆಯ ಓದು ನನ್ನದು, ಎದುರಿಗೆ ಕನ್ನಡದ ಒಂದು ಅಕ್ಷರ ಬಾರದ ಪಂಡಿತರು. ನಿಂತು ಓದಿದೆ. "ಅವಸರ ಮಾಡಿದಾಂವ ಹೊಲದ ಚಪ್ಪಲಿ ಮೊದಲನೇ ಮಳಿಗೆ ಬಾಯಿ ತಗೀತೈತಿ. ಚರ್ಮಕ್ಕ ನೀರು ಕುಡಿಸಬೇಕು, ನೆಳ್ಳಾಗ ಒಣಗಿಸಬೇಕು, ಮತ್ತ ಕುಡಿಸಬೇಕು. ಅದು ಒಲ್ಲೆ ಅಂದ್ರ," ಅಲ್ಲಿಗೆ ಸಾಲು ಮುಗಿಯಿತು. ಮುಂದಿನ ಸಾಲಿನ ಮೊದಲ ಶಬ್ದ ಇರಲಿಲ್ಲ. ಕಂದು ಅಂಚು, ಆಮೇಲೆ ತೂತು. ಸೋಮವಾರ ನನ್ನ ಬೆರಳಿಗೆ ಪುಡಿಯಾಗಿ ಬಂದದ್ದು ಅದೇ.

ಸರ್ ತಲೆ ಎತ್ತಿ ಕಾಯುತ್ತಿದ್ದರು. ಆದರೆ ಆ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. "ಮರುದಿನ ಕೇಳಬೇಕು" ಅಂತ ಓದಿ ಮುಗಿಸಿದೆ.

ಒಂಬತ್ತೂ ಕಪಾಟಿಗೆ ಹೋದವು, ಗುರುಗಳ ಸಾಲಿನ ಬಾಜೂಕ. ಫ್ರಿಜ್ಜಿಗೆ ಹೋಗಿ ಬಂದು ಮತ್ತೆ ಅಲ್ಲೇ ಕೂರುತ್ತವೆ. ಸರ್ ಬೆನ್ನುಗಳ ಮೇಲೆ ಮತ್ತೊಮ್ಮೆ ಕೈಯಾಡಿಸಿದರು, ಈ ಸಲ ಎರಡೂ ಸಾಲು ಕೂಡಿಸಿ. ಹಿಲ್ಡಾ ಅಕ್ಕೋರು ಹೊರಡುವಾಗ ನನ್ನ ಎರಡೂ ಗಲ್ಲಕ್ಕೆ ಮೂರು ಮುತ್ತು ಕೊಟ್ಟರು. ಅದು ಅವರ ರೂಢಿಯಂತೆ. ಶಾಂತವ್ವನಿಗೆ ಇದನ್ನು ಹೇಗೆ ಹೇಳಲಿ ಅಂತ ಸರ್ ಅವರನ್ನು ಕೇಳಿದೆ. ರೂಢಿ ಅಂತ ಹೇಳು, ಸಂಖ್ಯೆ ಹೇಳಬೇಡ ಅಂದರು.

ಮತ್ತೆ ಹಳೇ ಹುಬ್ಬಳ್ಳಿ

ಬಂದ ಮರುದಿನ ಅಂಗಡಿಗೆ ಬೋರ್ಡು ಬರೆಸಿ ಹಚ್ಚಿದೆ. ನಾನು ಮೈಲುತುತ್ತ ಹಾಕಿ ಕಟ್ಟಿದ ಪುಸ್ತಕ ಯಾರ ಹತ್ತಿರ ಇದ್ದರೂ ತನ್ನಿ, ಬಿಚ್ಚಿ ಮತ್ತೆ ಕಟ್ಟಿಕೊಡುತ್ತೇನೆ ಅಂತ. ಸುಜಾತಾ ಓದಿ ತಲೆಗೆ ಕೈ ಹಚ್ಚಿಕೊಂಡಳು.

"ಅಪ್ಪಾ, ತಪ್ಪು ಮಾಡೇನಿ ಅಂತ ಯಾರರ ಬೋರ್ಡ್ ಹಾಕ್ತಾರೇನು?"

ಬೆಲ್ಜಿಯಂನಲ್ಲಿ ಆಗಲೇ ಹಾಕಿ ಬಂದೇನಿ ಅಂದೆ.

ಮೂವತ್ನಾಲ್ಕು ವರ್ಷದ ಪುಸ್ತಕಗಳು ಒಂದೊಂದಾಗಿ ಬರುತ್ತಿವೆ. ವಕೀಲರದು, ಮಾಸ್ತರದು, ಚರ್ಚಿನ ಹಳೆಯ ದಫ್ತರ. ಎಲ್ಲವನ್ನೂ ಮುಗಿಸಲು ನನ್ನ ಆಯುಷ್ಯ ಸಾಲದೇ ಇರಬಹುದು. ಇಬ್ಬರು ಗಿರಾಕಿಗಳು ಬೇರೆ ಅಂಗಡಿ ಹಿಡಿದರು, ಹೋಗಲಿ. ಹತ್ತನೇ ಪುಸ್ತಕ ನೀನೇ ಬರಿ, ಪುಸ್ತಕ ಕಟ್ಟುವವರ ಬಗ್ಗೆ, ಅಂತ ಸರ್ ಗಂಟುಬಿದ್ದಿದ್ದಾರೆ. ಪ್ರತಿ ಗುರುವಾರ ಕೆಲಗೇರಿಗೆ ಹೋಗಿ ಬರೆದಷ್ಟನ್ನು ಓದಿ ಹೇಳುತ್ತೇನೆ. ಈಗ ನೀವು ಓದಿದ್ದು ಅದರ ಮೊದಲ ಭಾಗ. ಅವರು ಎರಡು ಕಡೆ ತಿದ್ದಿದ್ದಾರೆ.

ಹುಬ್ಬಳ್ಳಿಯ ಸೆಖೆಗೆ ಬರೀ ಗಂಜಿಯ ಅಂಟು ಸಂಜೆಗೇ ಹುಳಿ ಬರುತ್ತದೆ. ಸಂಜೆ ಚೆಲ್ಲುತ್ತೇನೆ. ಮುಂಜಾನೆ ಐದೂವರೆಗೆ ಎದ್ದು ಗೋಪನಕೊಪ್ಪದಿಂದ ಬಂದು, ಓಣಿಯಲ್ಲಿ ಯಾರೂ ಬಾಗಿಲು ತೆಗೆಯುವ ಮುಂಚೆ, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು ಒಲೆ ಹಚ್ಚುತ್ತೇನೆ. ಕೈ ಬಿಡದೆ ತಿರುವಬೇಕು. ತಿರುವುತ್ತಿದ್ದೇನೆ.